ಒಂಬತ್ತನೇ ನಂಬರಿನ ತೂತು

ನಮ್ಮ ಅಳಿಯಂದಿರು ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆದದ್ದು ಕಾಲಿನ ಬಲದಿಂದಲ್ಲ, ತಾರಸಿಯ ಬಲದಿಂದ. ಇಡೀ ತಂಡದ ಜರ್ಸಿಗಳನ್ನು ಒಂದೇ ಸಾಲಿನಲ್ಲಿ ಒಣಗಿಸುವಷ್ಟು ಉದ್ದದ ತಾರಸಿ ನಮ್ಮ ಬೀದಿಯಲ್ಲಿ ಇದ್ದದ್ದು ನಮ್ಮದೊಂದೇ. ಹಿಂದಿನ ಮ್ಯಾನೇಜರ್ ಸಿಟ್ಟು ಮಾಡಿಕೊಂಡು ಬಿಟ್ಟುಹೋದ ವಾರ ತಂಡದವರು ಒದ್ದೆ ಜರ್ಸಿಗಳ ಬುಟ್ಟಿ ಹೊತ್ತುಕೊಂಡು ನಮ್ಮ ಮನೆಗೆ ಬಂದರು. "ಸ್ವಲ್ಪ ಒಣಗಿಸ್ಕೋತೀವಿ ಸಾರ್" ಎಂದರು. "ಅದಕ್ಕೇನಂತೆ, ಬನ್ನಿ" ಎಂದರು ಅಳಿಯಂದಿರು. ಬಟ್ಟೆ ಒಣಗುವಷ್ಟರಲ್ಲಿ ಅವರು ಮ್ಯಾನೇಜರ್ ಆಗಿದ್ದರು.

ಅವರು ಚೆಂಡು ಒದ್ದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಒದ್ದ ಮೇಲೆ ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಮಾತ್ರ ಎದುರುಮನೆಯ ಕಿಟಕಿಯೊಳಗೆ ಹೋಗಿತ್ತು.

ಹಗಲು ಹೊತ್ತು ಅವರು ವಿದ್ಯುತ್ ಕಚೇರಿಯ ದೂರಿನ ಕೌಂಟರಿನಲ್ಲಿ ಕೂರುತ್ತಾರೆ. ಅಲ್ಲಿಗೆ ಬರುವವರ ಮನೆಯಲ್ಲಿ ಕರೆಂಟ್ ಇರುವುದಿಲ್ಲ, ಸಿಟ್ಟು ಮಾತ್ರ ಧಾರಾಳವಾಗಿರುತ್ತದೆ. ತಂತಿ ಕಡಿದದ್ದು ಗಾಳಿ, ಸುಟ್ಟದ್ದು ಟ್ರಾನ್ಸ್‌ಫಾರ್ಮರ್, ಬೈಸಿಕೊಳ್ಳುವುದು ನಮ್ಮ ಅಳಿಯಂದಿರು. ದಿನವಿಡೀ ತಲೆ ತಗ್ಗಿಸಿ "ಗೊತ್ತಿಲ್ಲ ಸಾರ್, ನೋಡ್ತೀವಿ ಸಾರ್" ಎನ್ನುವ ಮನುಷ್ಯ ಸಂಜೆ ತಾರಸಿಗೆ ಬಂದು ನಿಂತರೆ, ಬೀದಿಯ ಜನ ತಲೆಯೆತ್ತಿ ಅವರನ್ನು ನೋಡುತ್ತಿದ್ದರು. ಮುಂದೆ ಅವರು ಮಾಡಿದ ತಿಕ್ಕಲುತನಕ್ಕೆಲ್ಲ ನಾನು ಕೊಡುವ ಸಮಜಾಯಿಷಿ ಇದೊಂದೇ.

ಇನ್ನು ತಂತಿಯ ವಿಷಯ. ಮೊದಮೊದಲು ನನ್ನ ಮಗಳು ಕೈಗೆ ಸಿಕ್ಕಿದ ಜರ್ಸಿಯನ್ನು ಸಿಕ್ಕಿದ ಕಡೆ ಒಣಗಹಾಕುತ್ತಿದ್ದಳು. ಒಂದು ವಾರ ನಾಲ್ಕನೇ ನಂಬರಿನದು ಒಂಟಿಯಾಗಿ ಕೊನೆಯಲ್ಲಿ ನೇತಾಡಿತು. ಆ ವಾರವೇ ನಾಲ್ಕನೇ ನಂಬರಿನವನು ಬಚ್ಚಲಲ್ಲಿ ಜಾರಿ ಬಿದ್ದು ಆಟದಿಂದ ಹೊರಗುಳಿದ. ಎದುರಿನ ಟೀ ಅಂಗಡಿಯವನು ತಂತಿಯನ್ನೊಮ್ಮೆ ನೋಡಿದ, ಅಳಿಯಂದಿರನ್ನೊಮ್ಮೆ ನೋಡಿದ.

"ನಿಮಗೆ ಮೊದಲೇ ಗೊತ್ತಿತ್ತಾ ಸಾರ್?"

"ಇಲ್ಲಪ್ಪ, ಅದು ನನ್ನ ಹೆಂಡತಿ ಹಾಕಿದ್ದು" ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಳಿಯಂದಿರ 'ಗೊತ್ತಿಲ್ಲ'ಗಳೆಲ್ಲ ಕಚೇರಿಯಲ್ಲೇ ಖರ್ಚಾಗಿರುತ್ತಿದ್ದವು. ಮನೆಗೆ ತರಲು ಒಂದೂ ಉಳಿಯುತ್ತಿರಲಿಲ್ಲ. ಅವರು ಗೋಡೆಯ ಮೇಲೆ ಕೈಯೂರಿ, "ಮ್ಯಾನೇಜರ್ ಆದವನು ಬಾಯಿ ಬಿಡಬಾರದು. ಹೇಳೋದನ್ನೆಲ್ಲ ತಂತಿ ಹೇಳುತ್ತೆ" ಎಂದರು.

ಅಂದಿನಿಂದ ತಂತಿ ಮಾತಾಡತೊಡಗಿತು. ಪಂದ್ಯಕ್ಕೆ ಎರಡು ದಿನ ಮುಂಚೆ, ಆಗಲೇ ಒಗೆದು ಒಣಗಿಸಿ ಪೆಟ್ಟಿಗೆಯಲ್ಲಿಟ್ಟ ಜರ್ಸಿಗಳನ್ನು ಹೊರತೆಗೆದು ಮತ್ತೆ ಸಾಲಾಗಿ ತೂಗುಹಾಕುವ ಪದ್ಧತಿ ಶುರುವಾಯಿತು. ಮುಂದಿನ ಸಾಲಿನವರಿಗೆ ಕೆಂಪು ಕ್ಲಿಪ್ಪು, ಹಿಂದಿನವರಿಗೆ ಹಸಿರು. ಟೀ ಅಂಗಡಿಯ ಬೆಂಚಿನಲ್ಲಿ ಕೂತವರು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, "ಏಳನೇ ನಂಬರಿನ ತೋಳು ಎಂಟರ ಮೇಲೆ ಬಿದ್ದಿದೆ, ಇಬ್ಬರೂ ಜೊತೇಲಿ ನುಗ್ತಾರೆ ಅಂತ ಅರ್ಥ" ಎಂದು ವ್ಯಾಖ್ಯಾನ ಮಾಡುತ್ತಿದ್ದರು. ಮನೆಯವರ ಬಟ್ಟೆಗೆ ಆ ತಂತಿ ನಿಷಿದ್ಧವಾಯಿತು. ನನ್ನದೊಂದು ದೊಡ್ಡ ಹೂವಿನ ಹೊದಿಕೆಯಿದೆ. ಅದನ್ನು ಹಾಕಲು ಹೋದರೆ ಅಳಿಯಂದಿರು ಕೈಮುಗಿದು ಅಡ್ಡ ನಿಂತರು. "ಬೇಡಿ ಅತ್ತೆ, ಜನ ತಪ್ಪು ತಿಳ್ಕೋತಾರೆ." ಹೊದಿಕೆ ಬಚ್ಚಲುಮನೆಯಲ್ಲಿ ಒಣಗಬೇಕಾಯಿತು. ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಅದನ್ನು ಹೊದ್ದು ಮಲಗಿದರೆ ಕೆರೆಯಲ್ಲಿ ಮಲಗಿದ ಹಾಗಿರುತ್ತಿತ್ತು.

ತಂತಿ ಇಷ್ಟು ಚೆನ್ನಾಗಿ ಮಾತಾಡಿದರೂ ತಂಡ ಸೋಲುತ್ತಲೇ ಹೋಯಿತು. ಲೀಗಿನ ಪಟ್ಟಿಯಲ್ಲಿ ನಮ್ಮ ಕ್ಲಬ್ಬಿನ ಕೆಳಗೆ ಇದ್ದದ್ದು ಪಟ್ಟಿ ಅಚ್ಚು ಹಾಕಿದವರ ಹೆಸರು ಮಾತ್ರ. ಉಳಿದದ್ದು ಒಂದು ಪಂದ್ಯ. ಗೆಲ್ಲಬೇಕು, ಇಲ್ಲವೇ ಕನಿಷ್ಠ ಸಮ ಮಾಡಿಕೊಳ್ಳಬೇಕು. ಸೋತರೆ ಲೀಗಿನಿಂದ ಹೊರಗೆ. ಕ್ಲಬ್ಬಿನ ಅಧ್ಯಕ್ಷರು ಸೋಫಾ ಅಂಗಡಿಯ ಯಜಮಾನರು. ಅವರು ಎಲ್ಲರೆದುರಿಗೇ ಹೇಳಿಬಿಟ್ಟಿದ್ದರು: "ಈ ಸಲ ಸೋತ್ರೆ ಕ್ಲಬ್ಬಿಗೆ ಬೀಗ. ಆ ಕೋಣೇಲಿ ನನ್ನ ಸೋಫಾ ಇಡ್ತೀನಿ. ಅವು ಸುಮ್ನೆ ಕೂತಿರೋದು ನೋಡೋಕೆ ನಿಮ್ಮ ಆಟಕ್ಕಿಂತ ಚೆನ್ನಾಗಿರುತ್ತೆ."

ಆ ಮಾತು ಕೇಳಿದ ದಿನದಿಂದ ಅಳಿಯಂದಿರಿಗೆ ಬಿಕ್ಕಳಿಕೆ ಅಂಟಿಕೊಂಡಿತು. ಹೆದರಿಕೆಯಾದರೆ ಅವರಿಗೆ ಬರುವುದು ಅದೇ. ಎಲ್ಲರಿಗೂ ಶಿಸ್ತು ಕಲಿಸಬೇಕೆಂದು ತೀರ್ಮಾನಿಸಿ ಜರ್ಸಿಯಿಂದ ಶುರು ಮಾಡಿದರು. ಗೋಲ್‌ಕೀಪರ್ ಕ್ಷೌರದಂಗಡಿಯವನು, ಅವನನ್ನು ಕತ್ತರಿ ಎಂದೇ ಕರೆಯುತ್ತಾರೆ. ಅವನ ಜರ್ಸಿಗೆ ಯಾರದೋ ತಲೆಗೆ ಹಚ್ಚಬೇಕಾದ ಬಣ್ಣ ಮೆತ್ತಿಕೊಂಡಿತ್ತು. ಇಡೀ ತಂಡವನ್ನು ಬಿಸಿಲಲ್ಲಿ ನಿಲ್ಲಿಸಿ ಅಳಿಯಂದಿರು ಭಾಷಣ ಮಾಡಿದರು: "ಜರ್ಸಿ ಅಂದ್ರೆ ಚರ್ಮ! ಹಿಕ್. ಇನ್ಮೇಲೆ ಜರ್ಸಿಗೆ ಕೇಡು ಮಾಡಿದವನಿಗೆ ಈ ಕ್ಲಬ್ಬಲ್ಲಿ ಜಾಗ ಇಲ್ಲ. ಅವನು ಯಾರೇ ಆಗಿರ್ಲಿ. ಹಿಕ್."

'ಯಾರೇ ಆಗಿರ್ಲಿ' ಎಂಬ ಮಾತನ್ನು ಅವರು ಸೇರಿಸಬಾರದಿತ್ತು.

ಪಂದ್ಯಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆ ಅಳಿಯಂದಿರು ಕಚೇರಿಗೆ ರಜೆ ಹಾಕಿ ಜರ್ಸಿಗಳಿಗೆ ಇಸ್ತ್ರಿ ಹಾಕಲು ಕೂತರು. ಇಸ್ತ್ರಿ ಮಾಡಿದ ಬಟ್ಟೆಯನ್ನು ಒಣಗಹಾಕುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಅವರು 'ಮ್ಯಾನೇಜರ್' ಎಂದು ಎದೆಯ ಮೇಲೆ ದಾರದಲ್ಲಿ ಬರೆಸಿಕೊಂಡ ಹೊಸ ನೀಲಿ ಕೋಟು ತೊಟ್ಟಿದ್ದರು. ಜರ್ಸಿಯ ಬಣ್ಣಕ್ಕೆ ಹೊಂದಬೇಕೆಂದು ಊರೆಲ್ಲ ಅಲೆದು ಆರಿಸಿದ ಬಟ್ಟೆ ಅದು. ಒಂಬತ್ತನೇ ನಂಬರಿನ ಬೆನ್ನ ಮೇಲೆ, ಅಂಕಿಯ ಕೆಳಗೆ, ಇಸ್ತ್ರಿ ಪೆಟ್ಟಿಗೆ ಇಟ್ಟಿದ್ದರು. ಅಷ್ಟರಲ್ಲಿ ಕೆಳಗಿನಿಂದ ಟೀ ಅಂಗಡಿಯವನು ಕೂಗಿದ.

"ಮ್ಯಾನೇಜರ್ ಸಾರ್! ಮುಂದೆ ಎಷ್ಟು ಜನ ಆಡ್ತಾರೆ?"

ಕಿಟಕಿಗೆ ಹೋದರು. ಎರಡು ಬೆರಳು ತೋರಿಸಿದರು. ಜನ "ಓ!" ಎಂದರು. ಆ "ಓ" ರುಚಿಯಾಗಿ ಕಂಡಿರಬೇಕು. ಒಂದು ಬೆರಳು ಸೇರಿಸಿ ಮೂರು ಮಾಡಿದರು. ಇನ್ನೂ ದೊಡ್ಡ "ಓ" ಬಂತು. ನಾಲ್ಕನೆಯ ಬೆರಳು ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ನನ್ನ ಮಗಳು ಅಡುಗೆಮನೆಯಿಂದ ಕೇಳಿದಳು.

"ರೀ, ಏನದು ವಾಸನೆ?"

ಓಡಿಬಂದು ಪೆಟ್ಟಿಗೆ ಎತ್ತಿದರು. ಪೆಟ್ಟಿಗೆಯ ಜೊತೆ ಜರ್ಸಿಯ ಬೆನ್ನೂ ಬಂತು. ತೂತೆಂದರೆ ಅಂತಿಂಥ ತೂತಲ್ಲ. ಮೇಲೆ ಚೂಪು, ಕೆಳಗೆ ಅಗಲ, ಅಳತೆ ತೆಗೆದು ಕತ್ತರಿಸಿದಂತೆ ಇಸ್ತ್ರಿ ಪೆಟ್ಟಿಗೆಯದೇ ಆಕಾರ. ಅದನ್ನು ನೋಡಿದವರಾರೂ 'ಇಲಿ ಕಡಿಯಿತು' ಎಂದು ನಂಬುವಂತಿರಲಿಲ್ಲ.

"ಹೋಗ್ಲಿ ಬಿಡಿ, ಇನ್ನೊಂದು ತರಿಸಿ" ಎಂದಳು ಮಗಳು.

"ಎರಡು ದಿನದಲ್ಲಿ ಎಲ್ಲಿಂದ ತರಿಸ್ಲೇ? ಬಣ್ಣ, ನಂಬರು ಎಲ್ಲ ಲೀಗಿನವರ ಹತ್ರ ದಾಖಲಾಗಿದೆ. ಹಿಕ್. ಜರ್ಸಿಗೆ ಕೇಡು ಮಾಡಿದವನಿಗೆ ಜಾಗ ಇಲ್ಲ ಅಂತ ನಾನೇ ಹೇಳಿದ್ದೀನಿ. ಹಿಕ್. ಇದು ಹೊರಗೆ ಗೊತ್ತಾದ್ರೆ ನಾನು ಮತ್ತೆ ಬರೀ ಕೌಂಟರಿನವನು. ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

ಕಾಲಿಗೇನೂ ಬೀಳಲಿಲ್ಲ. ನನ್ನ ದಿಂಬಿನ ಚೀಲ ಬಿಚ್ಚಿ ಅದರೊಳಗೆ ಒಂಬತ್ತನೇ ನಂಬರನ್ನು ತುರುಕಿದರು. "ಅತ್ತೆಯ ದಿಂಬನ್ನ ಯಾರೂ ಮುಟ್ಟಲ್ಲ" ಎಂದರು. ಕೆಳಗೆ ಸುಟ್ಟ ನೈಲಾನಿನ ವಾಸನೆಯ ದಿಂಬು, ಮೇಲೆ ಒದ್ದೆ ಹೊದಿಕೆ. ಕ್ಲಬ್ಬಿಗಾಗಿ ನನ್ನಷ್ಟು ಕಷ್ಟಪಟ್ಟವರು ಯಾರಾದರೂ ಇದ್ದರೆ ಮುಂದೆ ಬರಲಿ.

ಉಳಿದ ಜರ್ಸಿಗಳು ತಂತಿ ಏರಿದವು. ಎಂಟರ ಪಕ್ಕ ಹತ್ತು. ನಡುವೆ ಒಂದು ಖಾಲಿ ಜಾಗ. ಜರ್ಸಿಗಳನ್ನು ಸ್ವಲ್ಪ ಸರಿಸಿ ಹಾಕಿದ್ದರೆ ಎಷ್ಟೋ ಹೊತ್ತು ಯಾರಿಗೂ ತಿಳಿಯುತ್ತಿರಲಿಲ್ಲ. ಗಾಬರಿಯಲ್ಲಿದ್ದ ಮನುಷ್ಯ ಒಂಬತ್ತರ ಕೆಂಪು ಕ್ಲಿಪ್ಪುಗಳನ್ನು ಅದರ ಜಾಗದಲ್ಲೇ ಖಾಲಿ ಸಿಕ್ಕಿಸಿ ಬಂದಿದ್ದರು.

ಟೀ ಅಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು.

"ಸಾರ್, ಒಂಬತ್ತು ಕಾಣ್ತಿಲ್ಲ?"

ಅಳಿಯಂದಿರು ಬಿಕ್ಕಳಿಕೆಯನ್ನು ನುಂಗಿ, "ಕಾಣದೇ ಇರೋದೂ ಒಂದು ಉತ್ತರವೇ" ಎಂದು ಹೇಳಿ ಒಳಗೆ ಬಂದು ಕದ ಹಾಕಿಕೊಂಡರು.

ಒಂಬತ್ತನೇ ನಂಬರಿನವನು ನಮ್ಮ ಬೀದಿಯ ಗ್ಯಾಸ್ ಸಿಲಿಂಡರ್ ಹಂಚುವ ಹುಡುಗ. ಹುಡುಗನೆಂದರೆ ನನ್ನ ಲೆಕ್ಕದಲ್ಲಿ. ಅವನಿಗೂ ಹೆಂಡತಿಯಿದ್ದಾಳೆ, ಮೀಸೆಯಿದೆ. ಎಲ್ಲರೂ ಅವನನ್ನೂ ಸಿಲಿಂಡರ್ ಎಂದೇ ಕರೆಯುತ್ತಾರೆ. ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಮಗುವಿನಂತೆ ಕೂರಿಸಿಕೊಂಡು ಮೂರನೇ ಮಹಡಿಗೆ ಓಡುವ ಆಳು. ಮನಸ್ಸು ಮಾತ್ರ ಹಾಲಿನ ಕೆನೆ, ಊದಿದರೆ ಸುಕ್ಕಾಗುತ್ತದೆ. ಆ ಮಧ್ಯಾಹ್ನವೇ ಅವನು ನಮ್ಮ ಮನೆಗೆ ಸಿಲಿಂಡರ್ ತಂದ. ಬಾಗಿಲಲ್ಲೇ ನಿಂತ. ಹೆಗಲಿಂದ ಇಳಿಸಲಿಲ್ಲ.

"ನಾನೇನು ತಪ್ಪು ಮಾಡ್ದೆ ಸಾರ್?"

"ತಪ್ಪು ಅಂತೇನಿಲ್ಲಪ್ಪ..."

"ಮತ್ತೆ ತಂತಿ ಮೇಲೆ ಯಾಕಿಲ್ಲ? ಇಡೀ ಬೀದಿ ನನ್ನ ಮುಖ ನೋಡ್ತಿದೆ. ಮೇಲ್ಮನೆಯವರು ಸಿಲಿಂಡರ್ ಇಳಿಸ್ಕೊಂಡು 'ಪಾಪ' ಅಂದ್ರು. ಇಷ್ಟು ವರ್ಷದಲ್ಲಿ ನನಗೆ ಯಾರೂ ಪಾಪ ಅಂದಿಲ್ಲ ಸಾರ್."

"ಅದಕ್ಕೊಂದು ಕಾರಣ ಇದೆ. ಹಿಕ್. ಸಮಯ ಬಂದಾಗ..."

"ಕಾರಣ ಇದೆ ಅಂದ್ರೆ ನಿಜವಾಗ್ಲೂ ತೆಗೆದ್ರಿ ಅಂತಾಯ್ತು." ಅವನ ಕಣ್ಣು ತುಂಬಿತು. "ಆಯ್ತು ಸಾರ್. ನಾನು ಬೇಡವಾದವನು. ನಾನು ತಂದ ಗ್ಯಾಸ್ ಮಾತ್ರ ನಿಮಗೆ ಯಾಕೆ?"

ಹೆಗಲ ಮೇಲಿನದನ್ನು ಹಾಗೆಯೇ ಹೊತ್ತುಕೊಂಡು ಹೊರಟ. ಎರಡು ಸಿಲಿಂಡರ್‌ಗಳೂ ಮೆಟ್ಟಿಲಿಳಿದು ಹೋದವು. ಅದೇ ಹೊತ್ತಿಗೆ ಹಳೆಯ ಗ್ಯಾಸ್ ಮುಗಿದು, ಅಡುಗೆಮನೆಯಲ್ಲಿ ಬೇಯುತ್ತಿದ್ದ ಅನ್ನ ಅರ್ಧಕ್ಕೆ ನಿಂತಿತು. ಮಗಳು ಪಾತ್ರೆಯನ್ನು ತಂದು ಗಂಡನ ಮುಂದಿಟ್ಟು, "ತಗೊಳ್ಳಿ, ಇದಕ್ಕೂ ಒಂದು ಕಾರಣ ಇದೆ" ಎಂದಳು.

ಶನಿವಾರ ಬೆಳಿಗ್ಗೆ ಅಳಿಯಂದಿರು ಕತ್ತರಿಯ ಅಂಗಡಿಗೆ ಗಡ್ಡ ಮಾಡಿಸಿಕೊಳ್ಳಲು ಹೋದರು. ಹೋಗಬೇಡಿ ಎಂದು ನಾನು ಹೇಳಿದ್ದೆ. ಹೋಗದಿದ್ದರೆ ಜನರಿಗೆ ಅನುಮಾನ ಬರುತ್ತದೆ ಎಂದರು. ಅಲ್ಲಿ ನಡೆದದ್ದನ್ನು ನನಗೆ ಟೀ ಅಂಗಡಿಯವನು ಹೇಳಿದ. ಅವನು ಪಕ್ಕದ ಕುರ್ಚಿಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದನಂತೆ.

ಕತ್ತರಿ ಸೋಪು ಹಚ್ಚಿದ. ಒಂದು ಕೆನ್ನೆ ಮುಗಿಸಿದ. ಕತ್ತಿಯನ್ನು ಗಂಟಲ ಮೇಲಿಟ್ಟು, ಕೈ ನಿಲ್ಲಿಸಿದ.

"ಸಾರ್, ಸಿಲಿಂಡರ್ ಆದ್ಮೇಲೆ ನಾಳೆ ತಂತಿಯಿಂದ ಇಳಿಯೋದು ನಂದಾ?"

"ಅಯ್ಯೋ, ಇಲ್ಲ..."

"ಬಣ್ಣ ಮೆತ್ತಿದ್ದಕ್ಕೆ ಬಿಸಿಲಲ್ಲಿ ನಿಲ್ಲಿಸಿದ್ರಿ. ನಾನು ಸಹಿಸ್ಕೊಂಡೆ. ಸಿಲಿಂಡರ್ ಅಂತೂ ಮನೇಲಿ ಊಟ ಬಿಟ್ಟಿದ್ದಾನೆ. ಅವನು ಜರ್ಸಿಗೇನಾದ್ರೂ ಕೇಡು ಮಾಡಿದ್ನಾ? ನಿಜ ಹೇಳಿ ಸಾರ್, ಅಲ್ಲಾಡ್ಬೇಡಿ."

ಅಳಿಯಂದಿರಿಗೆ ಬಿಕ್ಕಳಿಕೆ ಗಂಟಲವರೆಗೆ ಬಂತು. ಗಂಟಲ ಮೇಲೆ ಕತ್ತಿ. ಬಿಕ್ಕಿದರೆ ಕತೆ ಮುಗಿಯುತ್ತದೆ, ಬಿಕ್ಕದಿದ್ದರೆ ಕಣ್ಣುಗುಡ್ಡೆ ಹೊರಗೆ ಬರುತ್ತದೆ. ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಅದನ್ನು ಕಂಡ ಕತ್ತರಿ, "ನೋಡ್ರಪ್ಪಾ, ಗುಟ್ಟನ್ನ ಹೇಗೆ ಹಿಡ್ಕೊಂಡಿದ್ದಾರೆ! ಪ್ರಾಣ ಹೋದ್ರೂ ಬಿಡಲ್ಲ!" ಎಂದು ಕತ್ತಿ ಕೆಳಗಿಟ್ಟ. "ಹೋಗಿ ಸಾರ್. ಸಿಲಿಂಡರ್ ಆಡದಿದ್ರೆ ನಾಳೆ ನಾವ್ಯಾರೂ ಆಡಲ್ಲ. ಉಳಿದ ಗಡ್ಡಾನ ನಿಮ್ಮ ತಂತೀನೇ ತೆಗೀಲಿ."

ಒಂದು ಕೆನ್ನೆ ನುಣುಪು, ಇನ್ನೊಂದರ ಮೇಲೆ ನೊರೆ. ಬೀದಿಯ ಉದ್ದಕ್ಕೂ ಹಾಗೆಯೇ ನಡೆದು ಮನೆಗೆ ಬಂದರು. ಅದಕ್ಕೂ ಜನ ಅರ್ಥ ಹಚ್ಚಿದರು: ತಂಡದ ಅರ್ಧ ಭಾಗವನ್ನು ಬೋಳಿಸುತ್ತಾರಂತೆ.

ಮನೆಯಲ್ಲಿ ಸೋಫಾ ಯಜಮಾನರು ಕಾಯುತ್ತಿದ್ದರು. ಜೊತೆಗೆ ಅವರ ಬಾಮೈದ. ದುಂಡಗಿನ, ಸಂಕೋಚದ ಮನುಷ್ಯ. ಅಂಗಡಿಯಲ್ಲಿ ಅವನ ಕೆಲಸ ಸೋಫಾ ಮೆತ್ತಗಿದೆಯೇ ಎಂದು ಕೂತು ನೋಡುವುದು.

"ಶಭಾಷ್ ಮ್ಯಾನೇಜರ್ರೇ!" ಯಜಮಾನರು ಅಳಿಯಂದಿರ ಬೆನ್ನಿಗೆ ಗುದ್ದಿದರು. ನೊರೆ ನನ್ನ ಸೆರಗಿಗೆ ಹಾರಿತು. "ನಾನು ಬಾಯಿಬಿಟ್ಟು ಕೇಳೋಕೆ ಮುಂಚೆನೇ ಮಾಡಿದ್ರಲ್ಲ! ನಮ್ಮ ಬಾಮೈದನ್ನ ಮುಂದಿನ ಸಾಲಲ್ಲಿ ಆಡಿಸಿ ಅಂತ ನಮ್ಮನೆಯವಳು ವರ್ಷದಿಂದ ನನ್ನ ಪ್ರಾಣ ತಿಂತಿದ್ದಾಳೆ. ತಂತಿ ನೋಡಿದ್ದೇ ನನಗೆ ಅರ್ಥ ಆಯ್ತು. ಒಂಬತ್ತು ಖಾಲಿ, ನಮ್ಮವನಿಗೆ ಅಂತ!"

"ಅದು... ಹಿಕ್..."

"ಏನೂ ಹೇಳ್ಬೇಡಿ. ನೀವು ಹೇಳಲ್ಲ, ಗೊತ್ತು. ಜರ್ಸಿ ಕೊಡಿ, ಅಳತೆ ನೋಡೋಣ."

ಅಳಿಯಂದಿರು ನನ್ನ ಕಡೆ ನೋಡಿದರು. ನಾನು ನನ್ನ ದಿಂಬಿನ ಮೇಲೆ ಇನ್ನೂ ಸ್ವಲ್ಪ ಭದ್ರವಾಗಿ ಕೂತೆ.

"ಜರ್ಸಿ... ಸಿದ್ಧ ಆಗ್ತಿದೆ" ಎಂದರು.

ಯಜಮಾನರು ಸಂತೋಷದಿಂದ ಮೆಟ್ಟಿಲಿಳಿದರು. ಬಾಮೈದ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದು ಅಳಿಯಂದಿರ ಎರಡೂ ಕೈ ಹಿಡಿದುಕೊಂಡ. "ಸಾರ್, ದಮ್ಮಯ್ಯ, ನನ್ನನ್ನ ಆಡಿಸ್ಬೇಡಿ. ನನಗೆ ಓಡಿದ್ರೆ ಉಬ್ಬಸ. ಚೆಂಡು ಕಂಡ್ರೆ ಕಣ್ಣು ಮುಚ್ಚಿಹೋಗುತ್ತೆ. ಅಕ್ಕನಿಗೆ ಹೇಳೋಕೆ ಧೈರ್ಯ ಇಲ್ಲ. ನೀವು ದೊಡ್ಡವರು, ಏನಾದ್ರೂ ಕಾರಣ ಹುಡುಕಿ."

ಕಾರಣ ಹುಡುಕಿ ಹುಡುಕಿ ದಣಿದಿದ್ದ ಅಳಿಯಂದಿರು ಗೋಡೆಗೆ ಒರಗಿ ಕೂತುಬಿಟ್ಟರು.

ಆಡುವವನು ಬರುವುದಿಲ್ಲ, ಬರುವವನು ಆಡುವುದಿಲ್ಲ, ತಂಡ ಮುಷ್ಕರ ಹೂಡಿದೆ, ಒಲೆ ತಣ್ಣಗಿದೆ. ಇಷ್ಟೂ ಆದದ್ದು ಒಂದು ಇಸ್ತ್ರಿ ಪೆಟ್ಟಿಗೆಯಿಂದ. ನಿಜ ಹೇಳಿದರೆ ಅಳಿಯಂದಿರು ಹೊರಗೆ. ಹೇಳದಿದ್ದರೆ ಕ್ಲಬ್ಬೇ ಹೊರಗೆ.

ಸಂಜೆ ಸಿಲಿಂಡರನ ತಾಯಿ ಬಂದಳು. ಜಗಳಕ್ಕೆ ಬಂದಳೆಂದು ಅಳಿಯಂದಿರು ಮಂಚದ ಹಿಂದೆ ಸರಿದರು. ಅವಳು ಜಗಳವಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಮಗನ ಬೂಟುಗಳನ್ನು ನೆಲದ ಮೇಲಿಟ್ಟಳು.

"ಕ್ಲಬ್ಬಿನ ಬೂಟು, ವಾಪಸ್ ಕೊಡು ಅಂದ. ಅವನು ಊಟ ಮಾಡ್ತಿಲ್ಲ ಅಕ್ಕ. ನಿನ್ನೆಯಿಂದ ಹಳೇ ಆಟಗಳನ್ನೆಲ್ಲ ನೆನೆಸ್ಕೊಂಡು ಕೂತಿದ್ದಾನೆ. 'ಅವತ್ತು ಆ ಚೆಂಡು ಬಿಟ್ಟೆ, ಅದಕ್ಕಿರಬೇಕು. ಇನ್ನೊಂದಿನ ನಮಸ್ಕಾರ ಹೇಳೋದು ಮರೆತೆ, ಅದಕ್ಕಿರಬೇಕು' ಅಂತಾನೆ. ತಪ್ಪೇನು ಅಂತ ಹೇಳಿದ್ರೆ ತಿದ್ಕೋತಾನೆ. ಅಷ್ಟು ಕೇಳೋಕೆ ಬಂದೆ."

ಅವಳು ಹೋದ ಮೇಲೆ ಅಳಿಯಂದಿರು ಬಹಳ ಹೊತ್ತು ಬೂಟುಗಳನ್ನು ನೋಡುತ್ತಾ ಕೂತರು. ಬಿಕ್ಕಳಿಕೆ ಕೂಡ ಬರಲಿಲ್ಲ.

"ಅತ್ತೆ, ಯಾರೋ ಸುಟ್ಟ ಟ್ರಾನ್ಸ್‌ಫಾರ್ಮರ್‌ಗೆ ನನ್ನನ್ನ ಬೈತಾರಲ್ಲ, ಆಗ ಮನೆಗೆ ಬಂದು ನಾನು ಏನಂತೀನಿ?"

"'ನಾನೇನು ಮಾಡ್ದೆ' ಅಂತೀರಿ."

"ಹೂಂ" ಎಂದರು. "ದಿಂಬು ಕೊಡಿ."

ಭಾನುವಾರ ಬೆಳಿಗ್ಗೆ ಬಿಸಿಲು ಬೀದಿಗಿಳಿಯುವ ಹೊತ್ತಿಗೆ ಅಳಿಯಂದಿರು ತಾರಸಿಗೆ ಹೋದರು. ಒಂದು ಕೆನ್ನೆಯ ಗಡ್ಡ ಇನ್ನೂ ಹಾಗೆಯೇ ಇತ್ತು. ಖಾಲಿ ನೇತಾಡುತ್ತಿದ್ದ ಕೆಂಪು ಕ್ಲಿಪ್ಪುಗಳನ್ನು ಬಿಡಿಸಿ, ಒಂಬತ್ತನೇ ನಂಬರನ್ನು, ಎದೆಭಾಗವನ್ನು ಮೇಲಕ್ಕೆ ಮಡಚಿ ಸಿಕ್ಕಿಸಿ, ಬೆನ್ನು ಬೀದಿಯ ಕಡೆಗೆ ಮಾಡಿ ತೂಗುಹಾಕಿದರು. ಇಸ್ತ್ರಿ ಪೆಟ್ಟಿಗೆಯ ಆಕಾರದ ಒಂದು ತುಂಡು ಆಕಾಶ ಅದರ ನಡುವೆ ಕಾಣಿಸಿತು.

ಟೀ ಅಂಗಡಿಯ ಬೆಂಚು ಎದ್ದು ನಿಂತಿತು. ಕತ್ತರಿ ಅಂಗಡಿಯ ಬಾಗಿಲಿಗೆ ಬಂದ. ಬೀದಿಯ ಕೊನೆಯ ಮನೆಯ ಕಿಟಕಿಯಲ್ಲಿ ಸಿಲಿಂಡರನ ಮೀಸೆ ಕಂಡಿತು.

ತಂತಿಗೆ ಹೇಳಲು ಬಿಟ್ಟರೆ ಜನ ಮತ್ತೇನಾದರೂ ಅರ್ಥ ಹಚ್ಚುತ್ತಾರೆಂದು ಅಳಿಯಂದಿರಿಗೆ ತಿಳಿದಿರಬೇಕು. ಜೀವನದಲ್ಲಿ ಮೊದಲ ಸಲ ಆ ತಾರಸಿಯಿಂದ ಕೂಗಿದರು.

"ಇಸ್ತ್ರಿ ಹಾಕೋಕೆ ಹೋಗಿ ನಾನೇ ಸುಟ್ಟೆ! ಸಿಲಿಂಡರ್ ಏನೂ ತಪ್ಪು ಮಾಡಿಲ್ಲ! ಹೇಳೋಕೆ ಹೆದರ್ಕೊಂಡೆ!"

ಕೆಳಗೆ ಯಾರೋ ಕಿಸಕ್ಕೆಂದರು. ಅಲ್ಲಿಂದ ಹಿಡಿದು ಬೀದಿಯ ತುದಿಯವರೆಗೆ ನಗು ಉರುಳಿಕೊಂಡು ಹೋಯಿತು. ನಗದಿದ್ದವರು ಇಬ್ಬರೇ, ಅಳಿಯಂದಿರು ಮತ್ತು ಕತ್ತರಿ.

"ಜರ್ಸಿಗೆ ಕೇಡು ಮಾಡಿದವನಿಗೆ ಜಾಗ ಇಲ್ಲ ಅಂದಿದ್ರಲ್ಲ ಸಾರ್?" ಕೆಳಗಿನಿಂದ ಕತ್ತರಿ ಕೇಳಿದ. "ಯಾರೇ ಆಗಿರ್ಲಿ ಅಂದಿದ್ರಿ."

"ಅಂದಿದ್ದೆ. ಇವತ್ತಿನ ಆಟ ಮುಗೀಲಿ. ಆಮೇಲೆ ನನ್ನನ್ನ ತೆಗೆದುಹಾಕಿ."

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಸಿಲಿಂಡರ್ ಬಂದಿದ್ದ, ಹೆಗಲ ಮೇಲೆ ನಮ್ಮ ಸಿಲಿಂಡರ್ ಇತ್ತು. ಅದನ್ನು ಅಡುಗೆಮನೆಯಲ್ಲಿ ಇಳಿಸಿ, ಮೂಲೆಯಲ್ಲಿದ್ದ ಬೂಟು ಎತ್ತಿಕೊಂಡು, "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾರ್. ನಮ್ಮಮ್ಮ ನಮ್ಮಪ್ಪನ ಮದುವೆ ಬಟ್ಟೇನೇ ಸುಟ್ಟಿದ್ದಾಳೆ" ಎಂದ.

ಮೈದಾನದಲ್ಲಿ ಇನ್ನೊಂದು ಅಡ್ಡಿ ಕಾದಿತ್ತು. ಲೀಗಿನ ಅಧಿಕಾರಿ ಸಣ್ಣ ಮೂಗಿನ, ದೊಡ್ಡ ಕನ್ನಡಕದ ಮನುಷ್ಯ. ಸಾಲಿನಲ್ಲಿ ನಿಂತ ಆಟಗಾರರ ಬೆನ್ನು ನೋಡುತ್ತಾ ಬಂದು ಒಂಬತ್ತರ ಹತ್ತಿರ ನಿಂತ. ತೂತಿನೊಳಗೆ ಬೆರಳು ಹಾಕಿ ಸಿಲಿಂಡರನ ಬೆನ್ನನ್ನು ಮುಟ್ಟಿ ನೋಡಿದ. "ಇದು ಜರ್ಸಿಯಲ್ಲ, ಕಿಟಕಿ. ಇದನ್ನ ಹಾಕ್ಕೊಂಡು ಆಡೋ ಹಾಗಿಲ್ಲ."

"ತೇಪೆ ಹಾಕಿದ್ರೆ?" ನನ್ನ ಮಗಳು ಸೂಜಿ ದಾರ ತಂದಿದ್ದಳು.

"ಅದೇ ಬಣ್ಣದ ಬಟ್ಟೆ ಇರಬೇಕು. ಸೀಟಿ ಊದೋದ್ರೊಳಗೆ ಆಗಬೇಕು."

ಎಲ್ಲರೂ ಸುತ್ತಮುತ್ತ ನೋಡಿದರು. ಅದೇ ನೀಲಿ ಬಣ್ಣದ ಬಟ್ಟೆ ಅಲ್ಲಿ ಒಂದೇ ಕಡೆ ಇತ್ತು, ಅಳಿಯಂದಿರ ಮೈಮೇಲೆ. ಅಳಿಯಂದಿರು ಕೋಟು ಬಿಚ್ಚಿದರು. ಎದೆಯ ಮೇಲಿನ ಅಕ್ಷರವನ್ನೊಮ್ಮೆ ಸವರಿ, ಬೆನ್ನಿನ ಭಾಗವನ್ನು ಮೇಲೆ ಮಾಡಿ ಕತ್ತರಿಯ ಕೈಗೆ ಕೊಟ್ಟರು.

"ನೀನೇ ಕತ್ತರಿಸು. ನಿನ್ನ ಕೈ ನಡುಗಲ್ಲ."

"ನಿನ್ನೆ ಗಂಟಲ ಮೇಲೂ ನಡುಗಲಿಲ್ಲ ಸಾರ್" ಎಂದ ಕತ್ತರಿ. ಬೆನ್ನಿನ ನಟ್ಟನಡುವಿನಿಂದ ಇಸ್ತ್ರಿ ಪೆಟ್ಟಿಗೆಯ ಆಕಾರವನ್ನು ಸರಿಯಾಗಿ ತೆಗೆದ. ಮಗಳು ಹೊಲಿದಳು. ಅವಳ ಹೊಲಿಗೆಯನ್ನು ನಾನು ಎಂದೂ ಹೊಗಳಿದವಳಲ್ಲ. ಆ ದಿನ ಹಲ್ಲಲ್ಲಿ ದಾರ ಕಡಿದು ಅವಳು ತಲೆಯೆತ್ತಿದಾಗ ಸೀಟಿ ಊದಲು ರೆಫ್ರಿ ಗಾಳಿ ಎಳೆದುಕೊಳ್ಳುತ್ತಿದ್ದ.

ಬಾಮೈದ ಬದಲಿ ಆಟಗಾರರ ಬೆಂಚಿನ ಮೇಲೆ ಕೂತಿದ್ದ. ಬೆಂಚು ಮೆತ್ತಗಿಲ್ಲವೆಂದು ಒಮ್ಮೆ ಗೊಣಗಿದ್ದು ಬಿಟ್ಟರೆ ಅವನಷ್ಟು ಸುಖಿ ಆ ಮೈದಾನದಲ್ಲಿ ಇನ್ನೊಬ್ಬನಿರಲಿಲ್ಲ. ಬಾಮೈದನನ್ನು ಆಡಿಸಲಿಲ್ಲವೆಂದು ಮುಖ ಗಂಟಿಕ್ಕಿಕೊಂಡಿದ್ದ ಸೋಫಾ ಯಜಮಾನರು ಮಾತ್ರ ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಅಳಿಯಂದಿರ ಹಿಂದೆಯೇ ನಿಂತಿದ್ದರು. ಆ ಕಿಣಿಕಿಣಿ ಸದ್ದಿಗೆ ಅಳಿಯಂದಿರು ತಾಳ ಹಾಕಿದಂತೆ ಬಿಕ್ಕುತ್ತಿದ್ದರು.

ಎದುರು ತಂಡ ಬೇಗನೆ ಒಂದು ಗೋಲು ಹೊಡೆಯಿತು. ಆಮೇಲೆ ಚೆಂಡು ಎಲ್ಲೆಲ್ಲೋ ಹೋಯಿತು, ಅವರ ಬಲೆಯೊಳಕ್ಕೆ ಮಾತ್ರ ಹೋಗಲಿಲ್ಲ. ಕೊನೆಗೆ ರೆಫ್ರಿ ಕೈಗಡಿಯಾರ ನೋಡತೊಡಗಿದ. ಯಜಮಾನರು ಗೊಂಚಲಿನಲ್ಲಿ ಕ್ಲಬ್ಬಿನ ಬೀಗದ ಕೈಯನ್ನು ಹುಡುಕಿ ಹೊರತೆಗೆದರು. ಸಿಲಿಂಡರ್ ಎದುರು ಗೋಲಿನ ಮುಂದೆ ನಿಂತಿದ್ದ. ಇನ್ನೇನು ಮಾಡಬೇಕೆಂದು ಕೇಳಲು ಗೋಲಿಗೆ ಬೆನ್ನು ಹಾಕಿ ಅಳಿಯಂದಿರ ಕಡೆ ತಿರುಗಿದ. "ಸಾರ್, ಈಗೇನ್ ಮಾಡ್ಲಿ?"

ಎಡಪಕ್ಕದಲ್ಲಿದ್ದ ಎದುರು ತಂಡದವನು ಅದೇ ಹೊತ್ತಿಗೆ ಗೋಲಿನ ಹತ್ತಿರದಿಂದ ಚೆಂಡನ್ನು ದೂರ ಅಟ್ಟಲು ಜೋರಾಗಿ ಒದ್ದ. ಚೆಂಡು ಬಂದು ಸಿಲಿಂಡರನ ಬೆನ್ನಿನ ತೇಪೆಗೆ ಫಟ್ಟೆಂದು ಬಡಿಯಿತು. ಬಡಿದದ್ದೇ ಬಂದ ದಾರಿ ಬಿಟ್ಟು ಹಿಂದಕ್ಕೆ ಚಿಮ್ಮಿ ಬಲೆಯೊಳಗೆ ಬಿತ್ತು. ಏನಾಯಿತೆಂದು ಸಿಲಿಂಡರನಿಗೆ ತಿಳಿಯಲಿಲ್ಲ. ಯಾರು ಹೊಡೆದದ್ದೆಂದು ನೋಡಲು ಜಗಳದ ಮುಖದಲ್ಲಿ ತಿರುಗಿದ. ತಂಡದವರು ಅವನ ಮೇಲೆ ಬಿದ್ದರು.

ಪಂದ್ಯ ಸಮವಾಯಿತು. ಕ್ಲಬ್ಬು ಉಳಿಯಿತು.

ಸೋಫಾ ಯಜಮಾನರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, "ಬಾಮೈದನ್ನ ಬೆಂಚಲ್ಲಿ ಇಟ್ಟಿದ್ದು ನನ್ನದೇ ಉಪಾಯ" ಎಂದು ಎಲ್ಲರಿಗೂ ಹೇಳುತ್ತಾ ಹೋದರು. ಕತ್ತರಿ ತಂಡದ ಪರವಾಗಿ ಅಳಿಯಂದಿರ ಮುಂದೆ ಬಂದು ನಿಂತ.

"ಸಾರ್, ಜರ್ಸಿಗೆ ಕೇಡು ಮಾಡಿದವರನ್ನ ತೆಗೀಬೇಕು ಅನ್ನೋದು ಕಾನೂನು. ಆದ್ರೆ ಸುಟ್ಟ ಜಾಗದಿಂದಲೇ ಗೋಲು ಬಂತಲ್ಲ, ಇದನ್ನ ಕೇಡು ಅನ್ನೋಕೆ ಆಗಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೀವಿ. ನಾಳೆ ಅಂಗಡಿಗೆ ಬನ್ನಿ, ಇನ್ನೊಂದು ಕೆನ್ನೆ ಬಾಕಿಯಿದೆ."

ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯಷ್ಟು ಗಾಳಿ ಆಡುವ ಕೋಟು ತೊಟ್ಟು ಅಳಿಯಂದಿರು ಬೀದಿಗೆ ಬಂದಾಗ ಟೀ ಅಂಗಡಿಯವನು ದಾರಿಗೆ ಅಡ್ಡ ಬಂದ. ಕಣ್ಣಲ್ಲಿ ಭಕ್ತಿಯಿತ್ತು.

"ಸಾರ್, ಈಗಲಾದ್ರೂ ಹೇಳಿ. ಚೆಂಡು ಸರಿಯಾಗಿ ಅಲ್ಲೇ ಬಂದು ಬಡಿಯುತ್ತೆ ಅಂತ ಲೆಕ್ಕ ಹಾಕಿ ತಾನೇ ಆ ಜಾಗ ಸುಟ್ಟಿದ್ದು?"

ಅಳಿಯಂದಿರು ಅವನ ಮುಖವನ್ನೇ ನೋಡಿದರು.

"ಇಲ್ಲಪ್ಪ. ಹೇಗಾಯ್ತೋ ನನಗೆ ಗೊತ್ತಿಲ್ಲ."

ಬಿಕ್ಕಳಿಕೆ ಇರಲಿಲ್ಲ. ಟೀ ಅಂಗಡಿಯವನು ಬೆಂಚಿನ ಕಡೆಗೆ ತಿರುಗಿ, "ನೋಡಿದ್ರಾ, ಎಷ್ಟು ಆಳ!" ಎಂದ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಮುಂದೆ ನಿಂತು ಅಳಿಯಂದಿರು ನನ್ನ ಕೈಯಿಂದ ಒದ್ದೆ ಹೊದಿಕೆಯನ್ನು ತೆಗೆದುಕೊಂಡರು. "ಇನ್ಮೇಲೆ ತಂತಿ ಬಟ್ಟೆ ಒಣಗಿಸೋಕೆ ಮಾತ್ರ ಅತ್ತೆ. ಬನ್ನಿ, ಒಂದು ತುದಿ ಹಿಡೀರಿ" ಎಂದರು. ಇಬ್ಬರೂ ಸೇರಿ ಅದನ್ನು ಬಿಡಿಸಿ ತಂತಿಯ ನಟ್ಟನಡುವೆ ಹಾಕಿದೆವು. ಎಷ್ಟೋ ತಿಂಗಳ ಮೇಲೆ ಬಿಸಿಲು ಕಂಡ ಹೂಗಳು ಬೀದಿಯ ಉದ್ದಕ್ಕೂ ಅಗಲವಾಗಿ ಹರಡಿಕೊಂಡವು.

ಟೀ ಅಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು.

"ಹೊಸಬರು" ಎಂದಿತು ಒಂದು ದನಿ.

"ಎಷ್ಟು ಅಗಲ ಇದ್ದಾರೆ ನೋಡು. ಇಡೀ ಗೋಲನ್ನೇ ಮುಚ್ಚಿಬಿಡ್ತಾರೆ" ಎಂದಿತು ಇನ್ನೊಂದು.

ಕ್ಷೌರದಂಗಡಿಯ ಬಾಗಿಲು ದಢಾರೆಂದು ತೆರೆಯಿತು. ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಕೈಯಲ್ಲಿ ಸೋಪಿನ ಬ್ರಷ್ ಹಿಡಿದುಕೊಂಡು ಗೋಲ್‌ಕೀಪರ್ ಕತ್ತರಿ ನಮ್ಮ ಮನೆಯ ಕಡೆಗೆ ಓಡಿ ಬರುತ್ತಿದ್ದ.